ಮಕ್ಕಳ ಚೆಸ್‌ನಲ್ಲಿ ಡ್ರಾ: ಆ ಅರ್ಧ ಪಾಯಿಂಟ್ ಕೇಳಿ ಪಡೆಯುವುದು ಹೇಗೆ?

ನನ್ನ ಮಗನಿಗೆ ಆಗ ಎಂಟು ವರ್ಷ. ಬೆಂಗಳೂರಿನಲ್ಲಿ ಒಂದು ಭಾನುವಾರದ ಟೂರ್ನಿ, ನಾಲ್ಕನೇ ರೌಂಡ್. ಹಾಲ್‌ನಿಂದ ಕುಣಿಯುತ್ತಲೇ ಹೊರಗೆ ಬಂದ. "ಅಪ್ಪಾ, ಗೆದ್ದೆ! ಅವಳೇ ಕೈ ಕೊಟ್ಟಳು" ಅಂದ. ಚಿತ್ರಾನ್ನದ ಡಬ್ಬಿ ಬಿಚ್ಚಿ ಖುಷಿಯಾಗಿ ಊಟ ಮುಗಿಸಿದೆವು. ಆಮೇಲೆ ಗೋಡೆಗೆ ಅಂಟಿಸಿದ್ದ ರಿಸಲ್ಟ್ ನೋಡಿದರೆ ಅವನ ಹೆಸರಿನ ಮುಂದೆ ಅರ್ಧ ಪಾಯಿಂಟ್, ಅಂದರೆ ಡ್ರಾ.

ಆಗಿದ್ದು ಇಷ್ಟೇ. ಆ ಹುಡುಗಿ ಕೈ ಚಾಚುವಾಗ "ಡ್ರಾ?" ಅಂದಿದ್ದಳು. ಇವನಿಗೆ ಕೈ ಕಂಡಿತು, ಮಾತು ಕೇಳಿಸಲಿಲ್ಲ. ಸೋಲು ಒಪ್ಪಿಕೊಂಡಳು ಅಂದುಕೊಂಡು ಕೈ ಕುಲುಕಿದ. ರಿಸಲ್ಟ್ ಚೀಟಿಯಲ್ಲಿ ಅವಳು ಅರ್ಧ-ಅರ್ಧ ಅಂತ ಬರೆದಳು, ಇವನು ಓದದೆ ಸಹಿ ಹಾಕಿದ. ಇವನ ಹತ್ತಿರ ಒಂದು ಆನೆ ಜಾಸ್ತಿ ಇತ್ತು! ಹುಡುಗಿಯದೇನೂ ತಪ್ಪಿಲ್ಲ. ಅವಳು ಕೇಳಿದಳು, ಇವನು ಒಪ್ಪಿದ. "ಕೈ ಕೊಟ್ಟಳು" ಅಂತ ಅವನು ಹೇಳಿದ್ದು ಎರಡೂ ಅರ್ಥದಲ್ಲಿ ಸರಿಯಾಯಿತು ಅನ್ನಿ.

ಮುಂದಿನ ತಿಂಗಳು ಉಲ್ಟಾ ಆಯಿತು. ಸೋಲುವ ಆಟದಲ್ಲಿ ಚೆಕ್ ಮೇಲೆ ಚೆಕ್ ಕೊಟ್ಟು ಒಂದೇ ಸ್ಥಿತಿಯನ್ನು ಮೂರು ಸಲ ತಂದಿದ್ದಾನೆ. ಆದರೆ ಯಾರನ್ನೂ ಕರೆದಿಲ್ಲ, ಏನೂ ಕೇಳಿಲ್ಲ. ಡ್ರಾ ತಾನಾಗಿಯೇ ಆಗುತ್ತದೆ ಅಂತ ಕಾದು, ಆಗದಿದ್ದಾಗ ಬೇಸರವಾಗಿ ಬೇರೆ ನಡೆ ಆಡಿ ಸೋತ.

ಆಗ ಅರ್ಥವಾಯಿತು. ಕ್ಲಾಸ್‌ನಲ್ಲಿ ಓಪನಿಂಗ್ ಕಲಿಸುತ್ತಾರೆ, ಫೋರ್ಕ್, ಪಿನ್ ಎಲ್ಲಾ ಕಲಿಸುತ್ತಾರೆ. ಡ್ರಾ ಅನ್ನುವುದನ್ನು ಬಾಯಿಬಿಟ್ಟು, ಸರಿಯಾದ ಹೊತ್ತಿನಲ್ಲಿ, ಸರಿಯಾದ ರೀತಿಯಲ್ಲಿ ಕೇಳಬೇಕು ಅಂತ ಕೂರಿಸಿಕೊಂಡು ಹೇಳಿಕೊಡುವವರು ಕಡಿಮೆ. ಟೂರ್ನಿಗೆ ಹೊಸದಾಗಿ ಮಕ್ಕಳನ್ನು ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರಿಗೆ ಈ ಬರಹ. ನಿಯಮಗಳೆಲ್ಲ ಫಿಡೆಯವು, ಅಂದರೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟದವು. ನಮ್ಮ ಜಿಲ್ಲೆ, ರಾಜ್ಯ ಮಟ್ಟದ ಟೂರ್ನಿಗಳಲ್ಲೂ ಇವೇ ನಡೆಯುತ್ತವೆ.

1. ತಾನಾಗಿ ಆಗುವ ಡ್ರಾ, ಕೇಳಬೇಕಾದ ಡ್ರಾ

ಮೊದಲು ಈ ಎರಡರ ವ್ಯತ್ಯಾಸ ಮಗುವಿನ ತಲೆಯಲ್ಲಿ ಕೂರಬೇಕು.

ಸ್ಟೇಲ್‌ಮೇಟ್ ಆದರೆ ಆಟ ಅಲ್ಲಿಗೇ ಮುಗಿಯಿತು. ಆಡಬೇಕಾದವನ ರಾಜನಿಗೆ ಚೆಕ್ ಇಲ್ಲ, ಆದರೆ ಆಡಲು ಒಂದು ನಡೆಯೂ ಇಲ್ಲ. ಇದನ್ನು ಕೇಳಿ ಪಡೆಯಬೇಕಿಲ್ಲ. ಹಾಗೆಯೇ ಇಬ್ಬರಲ್ಲಿ ಯಾರಿಗೂ ಯಾವ ದಾರಿಯಲ್ಲೂ ಚೆಕ್‌ಮೇಟ್ ಮಾಡಲು ಸಾಧ್ಯವೇ ಇಲ್ಲದ ಸ್ಥಿತಿ. ಬರೀ ಎರಡು ರಾಜ ಉಳಿದಿವೆ, ಅಥವಾ ಒಬ್ಬನಿಗೆ ರಾಜನ ಜೊತೆ ಒಂದೇ ಒಂದು ಕುದುರೆ ಇಲ್ಲವೇ ಒಂದೇ ಒಂದು ಒಂಟೆ, ಇನ್ನೊಬ್ಬನಿಗೆ ರಾಜ ಮಾತ್ರ. ಅದೂ ಅಲ್ಲಿಗೇ ಡ್ರಾ.

ಕೇಳಬೇಕಾದವು ಮೂರು. ಇಬ್ಬರೂ ಮಾತಾಡಿಕೊಂಡು ಒಪ್ಪುವ ಡ್ರಾ, ಒಂದೇ ಸ್ಥಿತಿ ಮೂರು ಸಲ ಬಂದಾಗಿನ ಡ್ರಾ, 50 ನಡೆಯ ಡ್ರಾ.

ಮೊಬೈಲ್‌ನಲ್ಲಿ ಆಡಿ ಅಭ್ಯಾಸವಾದ ಮಕ್ಕಳು ಎಡವುವುದು ಇಲ್ಲೇ. ಕೆಲವು ಆ್ಯಪ್‌ಗಳಲ್ಲಿ ಮೂರನೇ ಸಲ ಅದೇ ಸ್ಥಿತಿ ಬಂದ ಕೂಡಲೇ ಆಟ ತಾನಾಗಿ ನಿಲ್ಲುತ್ತದೆ. ಮರದ ಬೋರ್ಡ್‌ಗೆ ಎಣಿಸಲು ಬರುವುದಿಲ್ಲ. ಆರ್ಬಿಟರ್ (ಟೂರ್ನಿಯ ತೀರ್ಪುಗಾರರು) ಪಕ್ಕದಲ್ಲೇ ನಿಂತಿದ್ದರೂ ಮೂರು ಸಲಕ್ಕೆ ಅವರು ಬಾಯಿ ಹಾಕುವ ಹಾಗಿಲ್ಲ. ಅದೇ ಸ್ಥಿತಿ ಐದು ಸಲ ಬಂದರೆ, ಅಥವಾ ಪಾನ್ (ಕಾಲಾಳು) ಮುಂದೆ ಹೋಗದೆ, ಕಾಯಿ ಹೊಡೆಯದೆ ಇಬ್ಬರದೂ 75 ನಡೆ ದಾಟಿದರೆ ಮಾತ್ರ ಅವರಾಗಿಯೇ ಆಟ ನಿಲ್ಲಿಸಬಹುದು. ಅಲ್ಲಿಯವರೆಗೆ ಕೇಳುವ ಜವಾಬ್ದಾರಿ ಆಡುವವನದು.

2. ಡ್ರಾ ಆಫರ್ ಮಾಡುವ ಕ್ರಮ

ನಡೆ ಆಡು. "ಡ್ರಾ" ಅನ್ನು. ಕ್ಲಾಕ್ ಒತ್ತು. ಸುಮ್ಮನೆ ಕೂರು.

ಈ ನಾಲ್ಕನ್ನು ಇದೇ ಕ್ರಮದಲ್ಲಿ ಮನೆಯಲ್ಲಿ ಹತ್ತು ಸಲ ಮಾಡಿಸಿ. ಮಕ್ಕಳು ಸಾಮಾನ್ಯವಾಗಿ ಎದುರಿನವರು ಯೋಚನೆ ಮಾಡುತ್ತಿರುವಾಗ ಆಫರ್ ಮಾಡುತ್ತಾರೆ. ಅದೂ ಆಫರೇ, ರದ್ದಾಗುವುದಿಲ್ಲ. ಆದರೆ ಎದುರಿನವರಿಗೆ ತೊಂದರೆ ಕೊಟ್ಟ ಲೆಕ್ಕಕ್ಕೆ ಬರಬಹುದು. ಸ್ಕೋರ್‌ಶೀಟ್ (ನಡೆಗಳ ಹಾಳೆ) ಬರೆಯುವ ಆಟವಾದರೆ ಆ ನಡೆಯ ಪಕ್ಕದಲ್ಲಿ ಬ್ರಾಕೆಟ್ ಒಳಗೆ ಸಮ ಚಿಹ್ನೆ (=) ಹಾಕಬೇಕು. ಆಫರ್ ಮಾಡಿದವನೂ ಹಾಕಬೇಕು, ಕೇಳಿಸಿಕೊಂಡವನೂ ಹಾಕಬೇಕು.

ಒಂದು ಸಲ ಬಾಯಿಂದ ಬಂದ ಆಫರ್ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. "ಡ್ರಾ ಕೊಡ್ತೀನಿ, ಆದ್ರೆ ಆ ಪಾನ್ ಬಿಡು" ಅನ್ನುವ ಷರತ್ತೂ ನಡೆಯುವುದಿಲ್ಲ.

ಇನ್ನೊಂದು ಮಾತು ಕಡ್ಡಾಯವಾಗಿ ಹೇಳಿಕೊಡಿ. ಕೈ ಚಾಚುವುದು ಬೇಡ, ಮೊದಲು ಬಾಯಲ್ಲಿ ಹೇಳು. ಎದುರಿನವರು ಕೈ ಚಾಚಿದರೆ ತಕ್ಷಣ ಹಿಡಿಯಬೇಡ, "ಡ್ರಾನಾ, ರಿಸೈನಾ (ಸೋಲು ಒಪ್ಪಿದ್ದಾ)?" ಅಂತ ಕೇಳು. ಎದುರು ಕೂತ ಮಗು ತಮಿಳು ಮಾತಾಡುವುದಿರಲಿ, ಮರಾಠಿ ಮಾತಾಡುವುದಿರಲಿ, ಈ ಎರಡು ಪದ ಎಲ್ಲ ಟೂರ್ನಿ ಮಕ್ಕಳಿಗೂ ಗೊತ್ತಿರುತ್ತವೆ. ಉತ್ತರ ಸರಿಯಾಗಿ ಬರದಿದ್ದರೆ ಕೈ ಎತ್ತಿ ಆರ್ಬಿಟರನ್ನು ಕರೆಯಲಿ. ಹಾಗೆ ಕರೆದಿದ್ದಕ್ಕೆ ಮಗುವನ್ನು ಬೈದ ಆರ್ಬಿಟರನ್ನು ನಾನಂತೂ ಇದುವರೆಗೆ ನೋಡಿಲ್ಲ.

ಹೊರಡುವ ಮುಂಚೆ ಟೂರ್ನಿಯ ಪ್ರಾಸ್ಪೆಕ್ಟಸ್ ಓದಿ. ಇಷ್ಟು ನಡೆಗೆ ಮುಂಚೆ ಡ್ರಾ ಒಪ್ಪಿಕೊಳ್ಳುವ ಹಾಗಿಲ್ಲ, ಅಥವಾ ಡ್ರಾ ಆಫರೇ ಇಲ್ಲ ಅಂತ ಆಯೋಜಕರು ನಿಯಮ ಹಾಕಬಹುದು.

3. ಎದುರಿನವರು ಆಫರ್ ಮಾಡಿದಾಗ

ಉತ್ತರವನ್ನು ಆ ಕ್ಷಣವೇ ಕೊಡಬೇಕಿಲ್ಲ. ಇದು ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ದೊಡ್ಡವರು ಏನಾದರೂ ಕೇಳಿದರೆ ಥಟ್ ಅಂತ ಉತ್ತರ ಕೊಡಬೇಕು ಅಂತ ಬೆಳೆಸಿರುತ್ತೇವೆ ಅಲ್ವಾ, ಇಲ್ಲೂ ಹಾಗೇ "ಹೂಂ" ಅಂದುಬಿಡುತ್ತವೆ. ಎದುರಿರುವುದು ವಯಸ್ಸಿನಲ್ಲಿ ಎರಡು ವರ್ಷ ದೊಡ್ಡ ಹುಡುಗನಾದರಂತೂ ಮುಗಿದೇ ಹೋಯಿತು.

ಕ್ಲಾಕ್ ನಿನ್ನದು ಓಡುತ್ತಿರುತ್ತದೆ, ಅದನ್ನು ನೋಡಿಕೊಂಡು ಬೇಕಾದಷ್ಟು ಯೋಚಿಸು ಅಂತ ಹೇಳಿ. ಬೇಡವಾದರೆ "ನೋ" ಅನ್ನಬಹುದು, ಇಲ್ಲವೇ ಏನೂ ಮಾತಾಡದೆ ಆಡುವ ಕಾಯಿ ಮುಟ್ಟಿದರೂ ಸಾಕು, ಬೇಡ ಅಂದ ಹಾಗೆ. ಹಾಗಾಗಿ ಒಪ್ಪುವ ಮನಸ್ಸಿದ್ದರೆ ಕಾಯಿ ಮುಟ್ಟಬಾರದು.

ಎದುರಿನ ಮಗು ಎರಡು ನಡೆಗೊಮ್ಮೆ "ಡ್ರಾ? ಡ್ರಾ?" ಅಂತ ಪೀಡಿಸುತ್ತಿದ್ದರೆ ಸಹಿಸಿಕೊಳ್ಳಬೇಕಿಲ್ಲ. ಅದು ನಿಯಮದ ಪ್ರಕಾರವೂ ತಪ್ಪು. ಕ್ಲಾಕ್ ನಿಲ್ಲಿಸಿ ಆರ್ಬಿಟರ್‌ಗೆ ಹೇಳಲಿ.

4. ಮೂರು ಸಲದ ಡ್ರಾ

ಜಾಸ್ತಿ ಅರ್ಧ ಪಾಯಿಂಟ್‌ಗಳು ಕಳೆದುಹೋಗುವ ಜಾಗ ಇದು. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಎಣಿಸಬೇಕಾದದ್ದು ನಡೆಗಳನ್ನಲ್ಲ, ಸ್ಥಿತಿಯನ್ನು. ಬೋರ್ಡ್ ಮೇಲೆ ಅದೇ ಕಾಯಿಗಳು ಅದೇ ಮನೆಗಳಲ್ಲಿ ಇರಬೇಕು, ಆಡುವ ಸರದಿಯೂ ಅದೇ ಬಣ್ಣದ್ದಾಗಿರಬೇಕು, ಕ್ಯಾಸಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಸರಿಯುವುದು) ಮತ್ತು ಆನ್ ಪಾಸಾನ್ (ಎರಡು ಮನೆ ಹಾರಿದ ಪಾನನ್ನು ಪಕ್ಕದ ಪಾನ್ ಹೊಡೆಯುವುದು) ಹಕ್ಕುಗಳೂ ಹಾಗೇ ಇರಬೇಕು. ಮೂರೂ ಸಲ ಒಂದರ ಹಿಂದೊಂದು ಬರಬೇಕಿಲ್ಲ. ನಡುವೆ ಬೇರೆ ನಡೆಗಳಾಗಿ ತಿರುಗಿ ಅಲ್ಲಿಗೇ ಬಂದರೂ ಲೆಕ್ಕ.

ನಿಮ್ಮ ಮಗು ಬಿಳಿ ಅಂದುಕೊಳ್ಳಿ, ಎರಡು ಪಾನ್ ಕಡಿಮೆ ಇದೆ. (ಮನೆಗಳ ಹೆಸರು ಹೀಗೆ: ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಎ ಯಿಂದ ಎಚ್, ಹತ್ತಿರದಿಂದ ದೂರಕ್ಕೆ 1ರಿಂದ 8.) ಕ್ವೀನನ್ನು ಇ8ಕ್ಕೆ ತಂದು ಚೆಕ್ ಕೊಡುತ್ತದೆ, ಕಪ್ಪು ರಾಜ ಜಿ8ರಿಂದ ಎಚ್7ಕ್ಕೆ ಓಡುತ್ತಾನೆ. ಕ್ವೀನ್ ಎಚ್5ಕ್ಕೆ ಬಂದು ಚೆಕ್, ರಾಜ ವಾಪಸ್ ಜಿ8ಕ್ಕೆ. ಮತ್ತೆ ಇ8, ಮತ್ತೆ ಎಚ್7. ಕ್ವೀನ್ ಮತ್ತೆ ಎಚ್5, ರಾಜ ಮತ್ತೆ ಜಿ8. ಈಗ ಕ್ವೀನನ್ನು ಇ8ರಲ್ಲಿ ಇಟ್ಟರೆ ಆ ಸ್ಥಿತಿ ಮೂರನೇ ಸಲ ಬರುತ್ತದೆ.

ಇಲ್ಲಿ ಮಗು ಏನು ಮಾಡಬೇಕು? ಕ್ವೀನ್ ಮುಟ್ಟಬಾರದು! ಕೈ ಮಡಿಲಲ್ಲಿ ಇಟ್ಟುಕೊಂಡು, ಮೊದಲು ಸ್ಕೋರ್‌ಶೀಟ್‌ನಲ್ಲಿ ಆ ನಡೆ ಬರೆಯಬೇಕು. ಕ್ಲಾಕ್ ನಿಲ್ಲಿಸಬೇಕು. ಕೈ ಎತ್ತಬೇಕು. ಆರ್ಬಿಟರ್ ಬಂದ ಮೇಲೆ "ಈ ನಡೆ ಆಡ್ತೀನಿ, ಮೂರನೇ ಸಲ ಆಗುತ್ತೆ, ಡ್ರಾ ಕ್ಲೇಮ್ ಮಾಡ್ತಿದ್ದೀನಿ" ಅನ್ನಬೇಕು. ನಡೆ ಆಡಿ ಕ್ಲಾಕ್ ಒತ್ತಿದ ಮೇಲೆ ಕೈ ಎತ್ತಿದರೆ ಸರದಿ ಎದುರಿನವರದ್ದಾಗಿರುತ್ತದೆ, ಕ್ಲೇಮ್ ನಡೆಯುವುದಿಲ್ಲ. ಕಾಯಿ ಮುಟ್ಟಿದರೂ ಆ ನಡೆಯ ಮಟ್ಟಿಗೆ ಹಕ್ಕು ಹೋಯಿತು. ಎದುರಿನವರ ನಡೆಯಿಂದಲೇ ಮೂರನೇ ಸಲ ಬಂದರೆ ಇನ್ನೂ ಸುಲಭ. ಸರದಿ ನಿನ್ನದೇ, ಏನೂ ಆಡದೆ ಕ್ಲಾಕ್ ನಿಲ್ಲಿಸಿ ಕರೆ.

ಆರ್ಬಿಟರ್ ಸ್ಕೋರ್‌ಶೀಟ್ ನೋಡಿ ಆಟವನ್ನು ತಿರುಗಿ ಆಡಿಸಿ ಪರೀಕ್ಷಿಸುತ್ತಾರೆ. ಅದಕ್ಕೇ ಬರವಣಿಗೆ ನೆಟ್ಟಗಿರಬೇಕು. ನನ್ನ ಮಗನ ಹಳೆಯ ಶೀಟ್‌ಗಳಲ್ಲಿ ಇಪ್ಪತ್ತನೇ ನಡೆಯ ನಂತರದ್ದು ಡಾಕ್ಟರ ಚೀಟಿಯ ಹಾಗೆ ಇದೆ. ಕ್ಲೇಮ್ ಸರಿ ಇದ್ದರೆ ಆಟ ಅಲ್ಲೇ ಡ್ರಾ. ತಪ್ಪಿದ್ದರೆ ಎದುರಿನವರಿಗೆ ಎರಡು ನಿಮಿಷ ಜಾಸ್ತಿ ಸಿಗುತ್ತದೆ, ಬರೆದ ನಡೆಯನ್ನೇ ಆಡಿ ಮುಂದುವರಿಯಬೇಕು. ಅಷ್ಟೇ ಶಿಕ್ಷೆ, ಸೋಲೇನೂ ಅಲ್ಲ. ಹೆದರಿ ಸುಮ್ಮನಿರುವುದಕ್ಕಿಂತ ಎರಡು ನಿಮಿಷ ಕೊಡುವುದು ಮೇಲು ಅಂತ ನನ್ನ ಅಭಿಪ್ರಾಯ. ಇನ್ನೊಂದು ಲಾಭವಿದೆ. ಕ್ಲೇಮ್ ಮಾಡಿದರೆ ಅದು ಡ್ರಾ ಆಫರ್ ಮಾಡಿದ ಹಾಗೂ ಆಗುತ್ತದೆ. ಎದುರಿನವರು "ಸರಿ" ಅಂದರೆ ಪರೀಕ್ಷೆಯೇ ಬೇಕಿಲ್ಲ.

ರ‍್ಯಾಪಿಡ್ (ಕಡಿಮೆ ಸಮಯದ) ಆಟದಲ್ಲಿ ನಡೆ ಬರೆಯುವ ಕಡ್ಡಾಯವಿಲ್ಲ, ಆದರೆ ಕ್ಲೇಮ್ ಮಾಡುವ ಹಕ್ಕು ಇದ್ದೇ ಇರುತ್ತದೆ. ನಡುವೆ ಯಾವಾಗ ಬೇಕಾದರೂ ಸ್ಕೋರ್‌ಶೀಟ್ ಕೇಳಿ ಪಡೆದು ಬರೆಯಲು ಶುರು ಮಾಡಬಹುದು. ಚೆಕ್‌ಗಳ ಸರಣಿ ಶುರುವಾಗುವ ಲಕ್ಷಣ ಕಂಡ ಕೂಡಲೇ ಶೀಟ್ ಕೇಳುವುದು ಜಾಣತನ.

5. 50 ನಡೆ, ಮತ್ತು ಮನೆಯಾಟದ ರೂಲ್‌ಗಳು

ಇಬ್ಬರೂ 50-50 ನಡೆ ಆಡಿದರೂ ಒಂದು ಪಾನ್ ಮುಂದೆ ಹೋಗಿಲ್ಲ, ಒಂದು ಕಾಯಿ ಹೊಡೆದಿಲ್ಲ ಅಂದರೆ ಡ್ರಾ ಕೇಳಬಹುದು. ಕೇಳುವ ಕ್ರಮ ಮೇಲಿನದ್ದೇ. ನಡುವೆ ಪಾನ್ ಒಂದು ಹೆಜ್ಜೆ ಇಟ್ಟರೂ ಎಣಿಕೆ ಮತ್ತೆ ಒಂದರಿಂದ.

ಮನೆಯಲ್ಲಿ ಅಜ್ಜನ ಜೊತೆ ಆಡಿ ಬಂದ ಮಕ್ಕಳು ಇನ್ನೊಂದು ರೂಲ್ ತರುತ್ತವೆ. ರಾಜ ಒಂಟಿಯಾದ ಮೇಲೆ 16 ನಡೆಯೊಳಗೆ ಮೇಟ್ ಮಾಡದಿದ್ದರೆ ಡ್ರಾ ಅಂತ. ಒಂದೊಂದು ಮನೆಯಲ್ಲಿ ಒಂದೊಂದು ಲೆಕ್ಕ. ಟೂರ್ನಿಯಲ್ಲಿ ಅಂಥದ್ದು ಯಾವುದೂ ಇಲ್ಲ. "ಹದಿನಾಲ್ಕು, ಹದಿನೈದು" ಅಂತ ಜೋರಾಗಿ ಎಣಿಸುವ ಮಕ್ಕಳನ್ನು ನೋಡಿದ್ದೇನೆ. ಅದರಿಂದ ಡ್ರಾ ಅಂತೂ ಸಿಗುವುದಿಲ್ಲ, ಆರ್ಬಿಟರ್‌ರಿಂದ ಎಚ್ಚರಿಕೆ ಸಿಗಬಹುದು.

ಟೈಮ್ ಮುಗಿದರೆ ಸೋಲು ಅನ್ನುವುದಕ್ಕೂ ಒಂದು ವಿನಾಯಿತಿ ಇದೆ. ನಿಮ್ಮ ಮಗುವಿನ ಟೈಮ್ ಮುಗಿಯಿತು, ಆದರೆ ಎದುರಿನವರ ಹತ್ತಿರ ಬರೀ ರಾಜ ಇದೆ ಅಂದರೆ ಅದು ಡ್ರಾ. ಎದುರಿನವರಿಗೆ ಯಾವ ರೀತಿಯಲ್ಲೂ ಮೇಟ್ ಸಾಧ್ಯವಿಲ್ಲ ಅನ್ನುವುದೇ ಇಲ್ಲಿಯ ಅಳತೆ. ಅಳುತ್ತಾ ಸಹಿ ಹಾಕುವ ಮುಂಚೆ ಬೋರ್ಡ್ ಒಮ್ಮೆ ನೋಡಲಿ.

6. ಮನೆಯಲ್ಲಿ ಆಡಿಸಬೇಕಾದ ಮೂರು ಸ್ಥಿತಿಗಳು

ರೂಲ್ ಗೊತ್ತಿದ್ದರೆ ಸಾಲದು, ಡ್ರಾ ಎಲ್ಲಿದೆ ಅಂತ ಕಣ್ಣಿಗೆ ಕಾಣಬೇಕು. ನೀವು ಚೆಸ್ ಆಡದಿದ್ದರೂ ಪರವಾಗಿಲ್ಲ, ಬೋರ್ಡ್ ಇಟ್ಟುಕೊಂಡು ಇವುಗಳನ್ನು ಜೋಡಿಸಬಹುದು.

ಮೊದಲನೆಯದು ಗೆಲ್ಲುವ ಮಗುವಿಗೆ. ಕಪ್ಪು ರಾಜ ಎ8 ಮೂಲೆಯಲ್ಲಿ ಒಂಟಿ. ಬಿಳಿ ಕ್ವೀನನ್ನು ಬಿ6ರಲ್ಲಿ ಇಟ್ಟರೆ ಸ್ಟೇಲ್‌ಮೇಟ್. ಚೆಕ್ ಇಲ್ಲ, ಓಡಲು ಮನೆಯೂ ಇಲ್ಲ. ಮೂಲೆಯ ರಾಜನಿಂದ ಕುದುರೆ ಒಂದು ಜಿಗಿತಕ್ಕೆ ತಲುಪುವ ಮನೆಯಲ್ಲಿ ಕ್ವೀನ್ ಇಡಬಾರದು ಅಂತ ಹೇಳಿಕೊಡಿ, ಮಕ್ಕಳಿಗೆ ಇದು ಬೇಗ ನೆನಪಿರುತ್ತದೆ. ಸಣ್ಣ ಮಕ್ಕಳ ವಿಭಾಗದಲ್ಲಿ ಎರಡೆರಡು ಕ್ವೀನ್ ಇಟ್ಟುಕೊಂಡು ಅರ್ಧ ಪಾಯಿಂಟ್‌ಗೆ ಹೊರಗೆ ಬರುವವರು ಪ್ರತಿ ಟೂರ್ನಿಯಲ್ಲೂ ಸಿಗುತ್ತಾರೆ.

ಎರಡನೆಯದು ಸೋಲುತ್ತಿರುವ ಮಗುವಿಗೆ, ಮತ್ತು ನನಗೆ ತುಂಬಾ ಇಷ್ಟವಾದದ್ದು. ಬಿಳಿ ರಾಜ ಇ5, ಬಿಳಿ ಪಾನ್ ಇ6. ಕಪ್ಪು ರಾಜ ಇ7. ಬಿಳಿ ರಾಜ ಡಿ5ಕ್ಕೆ ಸರಿಯುತ್ತಾನೆ. ಈಗ ಕಪ್ಪು ರಾಜ ಹಿಂದೆ ಹೋಗಬೇಕು, ಎಫ್6ಕ್ಕೆ ಹೋದರೆ ಸೋಲು. ಡಿ8, ಇ8, ಎಫ್8 ಈ ಮೂರರಲ್ಲಿ ಯಾವುದು? ನೇರ ಹಿಂದಕ್ಕೆ, ಇ8. ಬಿಳಿ ರಾಜ ಡಿ6ಕ್ಕೆ ಬಂದರೆ ಆಗ ಡಿ8ಕ್ಕೆ ಹೋಗಿ ಎದುರು ನಿಲ್ಲಬೇಕು. ಪಾನ್ ಇ7ಕ್ಕೆ ಬಂದು ಚೆಕ್, ರಾಜ ಇ8ಕ್ಕೆ. ಈಗ ಬಿಳಿ ತನ್ನ ಪಾನ್ ಉಳಿಸಿಕೊಳ್ಳಲು ರಾಜನನ್ನು ಇ6ಕ್ಕೆ ತರಲೇಬೇಕು. ತಂದರೆ ಸ್ಟೇಲ್‌ಮೇಟ್! ಅದೇ ಕಪ್ಪು ರಾಜ ಮೊದಲೇ ಡಿ8ಕ್ಕೆ ಹೋಗಿದ್ದರೆ, ಬಿಳಿ ರಾಜ ಡಿ6ಕ್ಕೆ ಬಂದು ಎದುರು ನಿಲ್ಲುತ್ತಾನೆ, ಕಪ್ಪು ಇ8ಕ್ಕೆ ಹೋಗಬೇಕು, ಪಾನ್ ಇ7ಕ್ಕೆ ಬರುತ್ತದೆ, ಕಪ್ಪಿಗೆ ಎಫ್7 ಬಿಟ್ಟರೆ ಗತಿಯಿಲ್ಲ, ಬಿಳಿ ರಾಜ ಡಿ7, ಪಾನ್ ಕ್ವೀನ್ ಆಯಿತು. ಒಂದು ಮನೆಯ ವ್ಯತ್ಯಾಸ. ರಾತ್ರಿ ಊಟವಾದ ಮೇಲೆ ಐದು ನಿಮಿಷ, ಒಂದು ವಾರ ಆಡಿಸಿ. ಬಣ್ಣ ಬದಲಿಸಿ ನೀವೇ ಸೋಲಿ, ಅವರಿಗೆ ಅದು ಜಾಸ್ತಿ ಇಷ್ಟ.

ಮೂರನೆಯದು ಒಂಟೆ ಮತ್ತು ಅಂಚಿನ ಪಾನ್. ಬಿಳಿಗೆ ಎಚ್ ಸಾಲಿನ ಪಾನ್ ಇದೆ, ಬಿಳಿ ಮನೆಗಳಲ್ಲಿ ಓಡಾಡುವ ಒಂಟೆ ಇದೆ. ಕಪ್ಪು ರಾಜ ಎಚ್8 ಮೂಲೆ ಸೇರಿಬಿಟ್ಟರೆ ಡ್ರಾ. ಎಚ್8 ಕಪ್ಪು ಮನೆ, ಆ ಒಂಟೆಗೆ ಅಲ್ಲಿಂದ ರಾಜನನ್ನು ಓಡಿಸಲು ಆಗುವುದೇ ಇಲ್ಲ. ಸೋಲುವ ಮಗು ತನ್ನ ರಾಜನನ್ನು ಯಾವ ಮೂಲೆಗೆ ಓಡಿಸಬೇಕು ಅಂತ ಇದರಿಂದ ಕಲಿಯುತ್ತದೆ.

7. ಡ್ರಾ ಒಪ್ಪಬೇಕೋ, ಬೇಡವೋ?

ಹತ್ತು ವರ್ಷದೊಳಗಿನ ಮಕ್ಕಳು ಆಫರ್ ಮಾಡುವುದೇ ಬೇಡ ಅನ್ನುವ ಪಕ್ಷ ನನ್ನದು. ಹದಿನೈದನೇ ನಡೆಗೆ ಕೈ ಕುಲುಕಿ ಬಂದರೆ ಎಂಡ್‌ಗೇಮ್ ಯಾವಾಗ ಕಲಿಯುವುದು? ದೊಡ್ಡ ಮಕ್ಕಳ ವಿಷಯ ಬೇರೆ, ಅಲ್ಲಿ ಲೆಕ್ಕಾಚಾರ ಇರುತ್ತದೆ.

ರೇಟಿಂಗ್ (ಆಟಗಾರನ ಬಲ ತೋರಿಸುವ ಅಂಕಿ) ಲೆಕ್ಕ ಹೀಗೆ. 18 ವರ್ಷದೊಳಗಿನವರಿಗೆ ರೇಟಿಂಗ್ 2300 ದಾಟುವವರೆಗೆ ಕೆ ಅನ್ನುವ ಗುಣಕ 40. 1500 ರೇಟಿಂಗಿನ ಮಗು 1700 ರೇಟಿಂಗಿನವರ ಜೊತೆ ಡ್ರಾ ಮಾಡಿದರೆ ಸುಮಾರು 10 ಪಾಯಿಂಟ್ ಏರುತ್ತದೆ. 1300ರವರ ಜೊತೆ ಡ್ರಾ ಆದರೆ ಸುಮಾರು 10 ಇಳಿಯುತ್ತದೆ. ಆದರೆ ಬೋರ್ಡ್ ಮುಂದೆ ಕೂತ ಮಗು ಇದನ್ನು ಲೆಕ್ಕ ಹಾಕುತ್ತಾ ಕೂರುವುದು ಬೇಡ. "ನನ್ನ ಸ್ಥಿತಿ ಚೆನ್ನಾಗಿದೆಯಾ, ಟೈಮ್ ಇದೆಯಾ" ಇಷ್ಟು ನೋಡಿಕೊಂಡರೆ ಸಾಕು. ತನಗಿಂತ ದೊಡ್ಡ ರೇಟಿಂಗಿನವರು ಡ್ರಾ ಕೇಳಿದರೆ, ಅವರೇಕೆ ಕೇಳುತ್ತಿದ್ದಾರೆ ಅಂತ ಒಂದು ನಿಮಿಷ ಯೋಚಿಸಲಿ. ಸಾಮಾನ್ಯವಾಗಿ ಅವರಿಗೆ ಏನೋ ಭಯ ಕಂಡಿರುತ್ತದೆ.

ಸ್ವಿಸ್ ಪದ್ಧತಿಯ (ಪ್ರತಿ ರೌಂಡ್‌ನಲ್ಲಿ ಹತ್ತಿರದ ಪಾಯಿಂಟಿನವರನ್ನು ಜೋಡಿ ಮಾಡುವ) ಟೂರ್ನಿಯಲ್ಲಿ ಕೊನೆಗೆ ಹಲವರ ಪಾಯಿಂಟ್ ಸಮ ಆಗುತ್ತದೆ, ಟೈಬ್ರೇಕ್ (ಸಮ ಬಿಡಿಸುವ ಬೇರೆ ಲೆಕ್ಕ) ನೋಡುತ್ತಾರೆ. ಅರ್ಧ ಪಾಯಿಂಟ್ ಜಾಸ್ತಿ ಇದ್ದಿದ್ದರೆ ಆ ತಲೆನೋವೇ ಇರುತ್ತಿರಲಿಲ್ಲ. 2002ರಲ್ಲಿ ಗ್ರೀಸ್‌ನ ಹೆರಾಕ್ಲಿಯಾನ್‌ನಲ್ಲಿ ನಡೆದ ವಿಶ್ವ ಯೂತ್ ಚಾಂಪಿಯನ್‌ಶಿಪ್‌ನ 12 ವರ್ಷದೊಳಗಿನವರ ವಿಭಾಗದಲ್ಲಿ ರಷ್ಯಾದ ಇಯಾನ್ ನೆಪೊಮ್ನಿಯಾಚಿ, ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಇಬ್ಬರದೂ ಪಾಯಿಂಟ್ ಸಮ ಆಗಿತ್ತು. ಟೈಬ್ರೇಕ್‌ನಲ್ಲಿ ಪಟ್ಟ ನೆಪೊಗೆ ಹೋಯಿತು. ತಮಾಷೆ ನೋಡಿ, ಅದೇ ಇಬ್ಬರು 2024ರ ಡಿಸೆಂಬರ್ 31ರಂದು ನ್ಯೂಯಾರ್ಕ್‌ನಲ್ಲಿ ವಿಶ್ವ ಬ್ಲಿಟ್ಜ್ (ಕೆಲವೇ ನಿಮಿಷದ ಚೆಸ್) ಫೈನಲ್ ಆಡಿ, ಡ್ರಾ ಮೇಲೆ ಡ್ರಾ ಆಗಿ, ಕೊನೆಗೆ ಪಟ್ಟವನ್ನು ಹಂಚಿಕೊಂಡರು.

8. ಮೊದಲೇ ಮಾತಾಡಿಕೊಂಡ ಡ್ರಾ

ಇದನ್ನು ಮಕ್ಕಳಿಗಿಂತ ದೊಡ್ಡವರಿಗೆ ಹೇಳಬೇಕು. ಒಂದೇ ಅಕಾಡೆಮಿಯ ಇಬ್ಬರು ಮಕ್ಕಳಿಗೆ ಕೊನೆಯ ರೌಂಡ್‌ನಲ್ಲಿ ಪೇರಿಂಗ್ ಬಂದರೆ ಕಾರಿಡಾರ್‌ನಲ್ಲಿ ಗುಸುಗುಸು ಶುರುವಾಗುತ್ತದೆ. "ಇಬ್ಬರಿಗೂ ಪ್ರೈಜ್ ಬರುತ್ತೆ, ಸುಮ್ನೆ ಡ್ರಾ ಮಾಡ್ಕೊಳ್ಳಲಿ" ಅಂತ. ಆಟಕ್ಕೆ ಮುಂಚೆಯೇ ಫಲಿತಾಂಶ ತೀರ್ಮಾನಿಸುವುದು ತಪ್ಪು, ಸಿಕ್ಕಿಬಿದ್ದರೆ ಇಬ್ಬರಿಗೂ ಸೊನ್ನೆ ಬೀಳಬಹುದು. 2023ರಲ್ಲಿ ಸಮರ್‌ಕಂದ್‌ನ ವಿಶ್ವ ಬ್ಲಿಟ್ಜ್‌ನಲ್ಲಿ ಇದೇ ನೆಪೊ ಮತ್ತು ಡೇನಿಯಲ್ ದುಬೊವ್ ತಮ್ಮ ಕುದುರೆಗಳನ್ನು ಸುಮ್ನೆ ಅತ್ತಿತ್ತ ಕುಣಿಸಿ ಡ್ರಾ ಮಾಡಿಕೊಂಡರು. ಇಬ್ಬರಿಗೂ ಸೊನ್ನೆ ಕೊಟ್ಟರು. ಅಷ್ಟು ದೊಡ್ಡವರನ್ನೇ ಬಿಡಲಿಲ್ಲ.

ಗಾಜಿನ ಬಾಗಿಲಾಚೆ ನಿಂತು ಕಣ್ಣು ಸನ್ನೆ ಮಾಡುವ ಅಪ್ಪಂದಿರೂ ಇದೇ ಗುಂಪಿಗೆ ಸೇರುತ್ತಾರೆ.

9. ಆಟ ಮುಗಿದ ಮೇಲೆ

ಡ್ರಾ ಆಯಿತು ಅಂದಮೇಲೆ ಕ್ಲಾಕ್ ನಿಲ್ಲಿಸಲಿ. ಇಬ್ಬರ ಸ್ಕೋರ್‌ಶೀಟ್‌ನಲ್ಲೂ ಅರ್ಧ-ಅರ್ಧ ಬರೆದಿದೆಯಾ ಅಂತ ಓದಲಿ, ಆಮೇಲೆ ಸಹಿ. ಸಹಿ ಆದ ಮೇಲೆ "ನಂಗೆ ಗೊತ್ತಾಗಲಿಲ್ಲ" ಅಂದರೆ ಕೇಳುವವರು ಕಡಿಮೆ, ನಮಗೆ ಅನುಭವ ಆಗಿದೆ. ಮುಂದಿನ ಪೇರಿಂಗ್ ಬರುವ ಮುಂಚೆ ರಿಸಲ್ಟ್ ಪಟ್ಟಿ ನೀವೂ ಒಂದು ಸಲ ನೋಡಿ.

ಹೊರಗೆ ಬಂದ ಮಗುವಿಗೆ "ಯಾಕೆ ಡ್ರಾ ಮಾಡ್ಕೊಂಡೆ?" ಅನ್ನಬೇಡಿ. ಮೊದಲು ನೀರು ಕೊಡಿ. ಆಮೇಲೆ "ಹೇಗೆ ಡ್ರಾ ಆಯ್ತು?" ಅಂತ ಕೇಳಿ. ಎದುರಾಳಿ ಮಗುವೂ ಅಲ್ಲೇ ಇದ್ದರೆ ಇಬ್ಬರನ್ನೂ ಕೂರಿಸಿ ಆಟ ತಿರುಗಿ ನೋಡಲು ಬಿಡಿ. ಎಂಜಿನ್ (ಕಂಪ್ಯೂಟರ್ ಚೆಸ್ ಪ್ರೋಗ್ರಾಂ) ಹಾಕುವುದು ಮನೆಗೆ ಹೋದ ಮೇಲೆ ಇದ್ದೇ ಇದೆ.

ಹೋದ ಟೂರ್ನಿಯಲ್ಲಿ ಮಗ ಒಂದು ಪಾನ್ ಕಡಿಮೆ ಇದ್ದ ಆಟ ಉಳಿಸಿಕೊಂಡು ಬಂದ. ಹಿಂದೆಯೇ ಎದುರಾಡಿದ ಹುಡುಗನೂ ಮಡಚುವ ಬೋರ್ಡ್ ಹಿಡಿದುಕೊಂಡು ಬಂದ. ಕಾರಿಡಾರ್‌ನಲ್ಲಿ ನಮ್ಮ ಚಾಪೆಯ ಮೇಲೆ ಎರಡು ರಾಜ, ಒಂದು ಪಾನ್ ಇಟ್ಟು ಶುರು ಮಾಡಿದರು. "ಇಲ್ಲಿ ನೀನು ಡಿ8ಕ್ಕೆ ಹೋಗಿದ್ರೆ ನಾನು ಗೆಲ್ತಿದ್ದೆ" ಅಂದ ಆ ಹುಡುಗ. "ಗೊತ್ತು, ಅದಕ್ಕೇ ಹೋಗಲಿಲ್ಲ" ಅಂದ ಇವನು. ಇಬ್ಬರ ನಡುವೆ ಚಿತ್ರಾನ್ನದ ಡಬ್ಬಿ ಇಟ್ಟು ನಾನು ಮುಂದಿನ ರೌಂಡಿನ ಪೇರಿಂಗ್ ನೋಡಲು ಎದ್ದೆ.